ಪದ ಬೇಕು (ತುರ್ತು): ವರ್ಕಿಂಗ್ ಮೆಮೊರಿಗೆ ಏನನ್ನಲಿ?

ಗೆಳೆಯರೇ,

ಪಾರ್ಕಿನ್ಸನ್ಸ್ ಇರುವವರ ಮನೆಮಂದಿಗಾಗಿ ಒಂದು ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎಲ್ಲ ಮುಗಿದಿದೆ, ಇದೊಂದು ಪದ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಇದು ಮರೆವಿನ ಮಾತಲ್ಲ. ಯಜಮಾನರಿಗೆ ತಮ್ಮ ಮದುವೆಯಲ್ಲಿ ಏನೇನು ಬಡಿಸಿದ್ದರು ಅನ್ನುವುದೂ ನೆನಪಿದೆ. ಆದರೆ "ಗ್ಯಾಸ್ ಆರಿಸಿ, ಹಿತ್ತಿಲ ಬಾಗಿಲು ಹಾಕಿ, ಬೀಗದಕೈ ತನ್ನಿ" ಅಂದರೆ ಗ್ಯಾಸ್ ಆರಿಸಿ ಅಲ್ಲೇ ನಿಲ್ಲುತ್ತಾರೆ. ಮೂರು ಮಾತನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡು ಒಂದೊಂದಾಗಿ ನಡೆಸುವುದು ಕಷ್ಟ. ಮನೆಯವರು ಅರಳುಮರಳು ಅಂದುಕೊಳ್ಳುತ್ತಾರೆ. ಮಿದುಳಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದರೂ ಹೀಗಾಗುತ್ತದೆ ಎಂದು ಹೇಳುವುದೇ ಆ ಪುಟದ ಕೆಲಸ.

"ಕೆಲಸದ ನೆನಪು" ಅಂತ ಬರೆದೆ. "ಅಯ್ಯೋ, ಆ ಕೆಲಸದ ನೆನಪೇ ಇರಲಿಲ್ಲ" ಅಂದಹಾಗೆ ಕೇಳಿಸಿತು. ಹೊಡೆದುಹಾಕಿದೆ.
– ಸು.

*

ಕಾರ್ಯಕಾರಿ ಸ್ಮೃತಿ. ಇದರಲ್ಲಿ ಚರ್ಚೆ ಮಾಡುವುದೇನಿದೆ?
– ವೆಂ.

*

ಸಮಿತಿಯ ಸಭೆ ಕರೆದ ಹಾಗಿದೆ. ಓದುವವರು ಮಾವನಿಗೆ ಮಾತ್ರೆ ಕೊಡುವ ಸೊಸೆಯಂಥವರು. ಸ್ಮೃತಿ ಅಂದರೆ ಅವರಿಗೆ ಮನು ನೆನಪಾಗುತ್ತಾನೆ.
– ಗಿ.

*

ಮೊದಲು "ನೆನಪು" ಇಲ್ಲಿ ಸಲ್ಲುತ್ತದೆಯೇ ನೋಡಿ. ಕಾಳು ರಾತ್ರಿಯಿಡೀ ನೀರಲ್ಲಿ ನೆನೆಯುತ್ತದೆ. ಹಾಗೆ ಮನಸ್ಸಿನಲ್ಲಿ ನೆನೆದದ್ದೇ ನೆನಪು. ಎರಡು ಗಳಿಗೆ ಇದ್ದು ಹೋಗುವುದು ನೆನೆಯುವುದೆಲ್ಲಿ ಬಂತು? ಅದಕ್ಕೆ ಬೇರೆಯೇ ಬೇರು ಹುಡುಕಬೇಕು.
– ಶಂ.

*

ತಪ್ಪು. ಹಳಗನ್ನಡದಲ್ಲಿ ಒದ್ದೆಯಾಗುವುದು ನನೆ, ಮನಸ್ಸಿಗೆ ತಂದುಕೊಳ್ಳುವುದು ನೆನೆ. ತಮಿಳಲ್ಲಿ ಇಂದಿಗೂ ನನೈ, ನಿನೈ ಬೇರೆ ಬೇರೆ. ಕಾಳು ನೆನೆದದ್ದು ಸಾಕು, ಬೇಯಲು ಇಡಿ.
– ಗಿ.

*

ನಾನು ಭಾಷೆಯವನಲ್ಲ, ಔಷಧಶಾಸ್ತ್ರ ಪಾಠ ಮಾಡಿದವನು. ಯಾರಾದರೂ "ಅಲ್ಪಾವಧಿ ನೆನಪು" ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಬೇರೆ. ಐದು ಅಂಕಿ ಕೇಳಿ ಹಾಗೇ ಹೇಳುವುದಕ್ಕೆ ಅದು ಸಾಕು. ಅದೇ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿ ನೋಡಿ. ಹಿಡಿದಿಟ್ಟುಕೊಳ್ಳಬೇಕು, ಹಿಡಿದಿಟ್ಟದ್ದನ್ನು ತಿರುಗಿಸಲೂ ಬೇಕು. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ಹಿಚ್ ಒತ್ತಿ ಹೇಳಿದ್ದು ಇದನ್ನೇ.

1979ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಮಂಗಗಳು ತಿಂಡಿಗಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೈ ಹಾಕಬೇಕು, ನಡುವೆ ಕೆಲವು ಸೆಕೆಂಡು ಕಾಯಬೇಕು. ಮಿದುಳಿನ ಮುಂಭಾಗದಲ್ಲಿ ಡೋಪಮೈನ್ ಖಾಲಿ ಮಾಡಿದರೆ ಆ ಆಟ ಕೆಟ್ಟಿತು. ಲೆವೊಡೋಪಾ ಕೊಟ್ಟರೆ ಮತ್ತೆ ಸುಧಾರಿಸಿತು. ಪಾರ್ಕಿನ್ಸನ್ಸ್‌ಗೆ ಕೊಡುವ ಅದೇ ಔಷಧಿ! ಹಾಗಂತ ಜಾಸ್ತಿಯಾದರೆ ಒಳ್ಳೆಯದಲ್ಲ. ಸಾರಿಗೆ ಉಪ್ಪಿದ್ದ ಹಾಗೆ, ಕಡಿಮೆಯಾದರೂ ಕೆಟ್ಟಿತು, ಹೆಚ್ಚಾದರೂ ಕೆಟ್ಟಿತು. ಮಾತ್ರೆಯನ್ನು ತಾವೇ ಏರಿಸಬಾರದು ಅಂತ ಕೈಪಿಡಿಯಲ್ಲಿ ಇದೆ ತಾನೇ?

ಪದಕ್ಕೆ ಬಂದರೆ, ಸುಮ್ನೆ "ಕಾರ್ಯನೆನಪು" ಅಂದರೆ ಆಗದೇ?
– ರಾ.

*

ಆಗದು. ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ಕೇಶಿರಾಜನ ವ್ಯಾಕರಣ ಓದಿ.
– ವೆಂ.

*

ಶಾಲೆಯಲ್ಲಿ ಕೂಡುವ ಲೆಕ್ಕ ಹೇಗೆ ಕಲಿತಿರಿ? "ಮನಸ್ಸಿನಲ್ಲಿ ಎಂಟು, ಕೈಯಲ್ಲಿ ಐದು." ಅಲ್ಲೇ ಇದೆ ಪದ: ಕೈನೆನಪು. ಸ್ವಲ್ಪ ದಿನಕ್ಕೆ ತರುವ ಸಾಲ ಕೈಗಡ ಅಲ್ವಾ? ಸ್ವಲ್ಪ ಹೊತ್ತಿಗೆ ಇಟ್ಟುಕೊಳ್ಳುವ ನೆನಪು ಕೈನೆನಪು. ನನೆ, ನೆನೆ ವಿಷಯದಲ್ಲಿ ಸೋತೆ, ಇದರಲ್ಲಿ ಸೋಲುವುದಿಲ್ಲ.
– ಶಂ.

*

ಪದ ಚೆನ್ನಾಗಿದೆ, ರೋಗ ಸರಿಯಿಲ್ಲ. ಕೈ ನಡುಗುವ ಕಾಯಿಲೆಯ ಪುಸ್ತಕದಲ್ಲಿ "ಕೈನೆನಪು ಕುಗ್ಗುತ್ತದೆ" ಅಂದರೆ, ಕೈಗೆ ಅಭ್ಯಾಸ ತಪ್ಪಿತು ಅಂತ ಓದಿಕೊಳ್ಳುತ್ತಾರೆ. ವೆಂ. ಅವರೇ, ನಮ್ಮಜ್ಜಿ ಹಿಡಿಶಾಪ ಹಾಕುವಾಗ ಕೇಶಿರಾಜ ಅಡ್ಡ ಬರಲಿಲ್ಲ. ಹಿಡಿ ಕನ್ನಡ, ಶಾಪ ಸಂಸ್ಕೃತ. ಶಾಪ ತಟ್ಟಿತು ಕೂಡ.
– ಗಿ.

*

ಬಿರುದಾವಳಿಗೆ ಅವನು ವಿನಾಯಿತಿ ಕೊಟ್ಟಿದ್ದಾನೆ. ನಿಮ್ಮಜ್ಜಿಯದನ್ನು ಅದಕ್ಕೆ ಸೇರಿಸಿಕೊಳ್ಳಿ.
– ವೆಂ.

*

ನಮ್ಮ ಹುಬ್ಬಳ್ಳಿ ಕಡೆ ದವಾಖಾನೆ ಅಂತಾರೆ. ಪರ್ಷಿಯನ್ ಅಂತ ಯಾರೂ ಹೊರಗೆ ನಿಂತಿಲ್ಲ, ಒಳಗೆ ಹೋಗಿ ಗುಣ ಆಗಿ ಬಂದಾರ. ವರ್ಕಿಂಗ್ ಮೆಮೊರಿ ಅಂತಲೇ ಬರೀರಿ. ಡೋಪಮೈನ್ ಹಾಗೇ ಬಿಟ್ಟೀರಿ, ಇದಕ್ಕೇನು ಮಡಿ?
– ಬ.

*

ಡೋಪಮೈನ್ ಒಂದು ವಸ್ತುವಿನ ಹೆಸರು, ಹಾಗೇ ಇರಲಿ. ಆದರೆ ಮೆಮೊರಿ ಅಂದರೆ ಜನಕ್ಕೆ ಫೋನ್‌ನದ್ದು. "ಮೆಮೊರಿ ಫುಲ್" ಅಂತ ಫೋಟೋ ಅಳಿಸುವುದು. ಇಲ್ಲಿ ಅದಲ್ಲವಲ್ಲ.

ಗಿ. ಅವರೇ, ನಿಮ್ಮಜ್ಜಿಗೆ ನಮಸ್ಕಾರ. "ಹಿಡಿನೆನಪು" ಅಂತ ಹಾಕಿದೆ. ಹಿಡಿದಿಟ್ಟುಕೊಳ್ಳುವುದೂ ಹೌದು, ಒಂದು ಹಿಡಿಯಷ್ಟೇ ಅನ್ನುವುದೂ ಹೌದು. ವಾಕ್ಯ ಹೀಗಿದೆ: "ಡೋಪಮೈನ್ ಕಡಿಮೆಯಾದಾಗ ಹಿಡಿನೆನಪು, ಅಂದರೆ ಕೇಳಿದ್ದನ್ನು ತಲೆಯಲ್ಲಿ ಇಟ್ಟುಕೊಂಡೇ ಕೆಲಸ ನಡೆಸುವ ಶಕ್ತಿ, ಕುಗ್ಗಬಹುದು. ಆದ್ದರಿಂದ ಒಂದು ಸಲಕ್ಕೆ ಒಂದೇ ಮಾತು ಹೇಳಿ." ಮಾತ್ರೆಯ ಎಚ್ಚರಿಕೆ ಇದೆ ರಾ. ಸರ್, ದಪ್ಪ ಅಕ್ಷರದಲ್ಲಿ.
– ಸು.

*

"ಶಕ್ತಿ" ಸಂಸ್ಕೃತ. ಕಸುವು ಅನ್ನಿ.
– ಶಂ.

*

ಅಚ್ಚಿಗೆ ಹೋಯಿತು.
– ಸು.