ಕಾರ್ಖಾನೆ ಊರಲ್ಲಿ ವ್ಯಾಂಪೈರ್ ಆಟ: ಗ್ಯಾರಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಹೇಗೆ?

ಮಹಡಿಮನೆ:
ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯನ ಮನೆ ಮಹಡಿ ಮೇಲೆ ನಾವು ಐದು ಜನ ಪ್ರತಿ ಶನಿವಾರ ರಾತ್ರಿ 'ವ್ಯಾಂಪೈರ್: ದಿ ಮಾಸ್ಕರೇಡ್' ಆಡುತ್ತೇವೆ. ರಾತ್ರಿ ಮಾತ್ರ ಓಡಾಡುವ, ರಕ್ತ ಹೀರುವ ವ್ಯಾಂಪೈರ್‌ಗಳ ಪಾತ್ರ ವಹಿಸಿ ಮಾತಿನಲ್ಲೇ ಕಥೆ ಕಟ್ಟುವ ಆಟ ಇದು. ಕಥೆ ನಡೆಸುವವನು ನಾನು. 1991ರ ಮೊದಲ ಆವೃತ್ತಿಯಲ್ಲಿದ್ದ ಗ್ಯಾರಿ ಊರನ್ನೇ ಈ ಸಲ ಎತ್ತಿಕೊಂಡಿದ್ದೇನೆ. ಅಮೆರಿಕದ ಇಂಡಿಯಾನಾದಲ್ಲಿ, ಮಿಷಿಗನ್ ಸರೋವರದ ದಡದಲ್ಲಿ, ಶಿಕಾಗೋಗೆ ಹತ್ತಿರ. 1906ರಲ್ಲಿ ಉಕ್ಕಿನ ಕಂಪನಿಯೊಂದು ತನ್ನ ಕಾರ್ಖಾನೆಗೋಸ್ಕರವೇ ಕಟ್ಟಿಸಿದ ಊರು. 1960ರಲ್ಲಿ ಸುಮಾರು 1,78,000 ಜನ ಇದ್ದರು, 2020ಕ್ಕೆ 70,000 ಕೂಡ ಇಲ್ಲ. ಇದೆಲ್ಲ ಹೇಳಿದರೂ ಕಳೆದ ವಾರ ಆಟ ಸಪ್ಪೆಯಾಯಿತು. ಪಾಳು ಮನೆ, ಹೊಗೆ, ಮತ್ತೆ ಪಾಳು ಮನೆ. 'ಇದು ಯಾವ ಊರಾದರೂ ಆಗಬಹುದಲ್ವಾ' ಅಂದ ಒಬ್ಬ. ಏನು ಮಾಡಲಿ?

ಭದ್ರಾವತಿಯವಳು:
ನಮ್ಮಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ರಾತ್ರಿ ಸ್ಲ್ಯಾಗ್ (ಕರಗಿದ ಅದಿರಿನ ಕೆಂಡದಂಥ ಕಿಟ್ಟ) ಸುರಿದಾಗ ಆಕಾಶದ ಒಂದು ಮೂಲೆ ಕೆಂಪಾಗಿ, ನಮ್ಮ ಅಡುಗೆಮನೆ ಗೋಡೆ ಮೇಲೆ ಕಿಟಕಿ ಸರಳುಗಳ ನೆರಳು ಬೀಳುತ್ತಿತ್ತು. ಅದನ್ನೇ ಬಳಸಿ. ಈ ಆಟದಲ್ಲಿ ವ್ಯಾಂಪೈರ್‌ಗಳಿಗೆ ಬೆಂಕಿ ಕಂಡರೆ ಆಗಲ್ಲ, ಮನಸ್ಸು ಹಿಡಿತದಲ್ಲಿಲ್ಲದಿದ್ದರೆ ದಿಕ್ಕೆಟ್ಟು ಓಡುತ್ತವೆ. ಅದಿರು ಕರಗಿಸುವ ಕುಲುಮೆ, ಬ್ಲಾಸ್ಟ್ ಫರ್ನೇಸ್, ಮನೆ ಒಲೆ ಥರ ಅಲ್ಲ, ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಉರಿಯುತ್ತದೆ. ಅಂದರೆ ಊರಿಗೆ ಅನ್ನ ಹಾಕುವ ಜಾಗಕ್ಕೇ ನಿಮ್ಮ ಪ್ರಿನ್ಸ್ (ಊರನ್ನು ಆಳುವ ವ್ಯಾಂಪೈರ್) ಕಾಲಿಡಲು ಹೆದರುತ್ತಾನೆ. ಒಳಗಿನ ಸುದ್ದಿ ಬೇಕಾದರೆ ಕೂಲಿಯವರನ್ನೇ ನಂಬಬೇಕು.

ಕಾಕಂಬಿ:
ನಾನು ಮಂಡ್ಯದವನು. ಕಾರ್ಖಾನೆ ಊರಿನ ರಾತ್ರಿ ಖಾಲಿ ಇರುವುದಿಲ್ಲ, ಅದನ್ನು ಮೊದಲು ತೋರಿಸಿ. ನಮ್ಮ ಸಕ್ಕರೆ ಕಾರ್ಖಾನೆ ಮೈಷುಗರ್ 1933ರಿಂದ ಇದೆ. ಕಬ್ಬು ಅರೆಯುವ ದಿನಗಳಲ್ಲಿ ನಡುರಾತ್ರಿ ಎರಡು ಗಂಟೆಗೂ ಕಬ್ಬಿನ ಗಾಡಿಗಳ ಸಾಲು, ಟೀ ಅಂಗಡಿಯಲ್ಲಿ ಜನ, ಬಟ್ಟೆಗೆಲ್ಲ ಹತ್ತುವ ಕಾಕಂಬಿ ವಾಸನೆ. ರಾತ್ರಿ ಪಾಳಿಯವರು ಮನೆಗೆ ಹೊರಡುವ ಹೊತ್ತಿಗೇ ವ್ಯಾಂಪೈರ್ ಕೂಡ ಗೂಡು ಸೇರಬೇಕು, ಇಬ್ಬರೂ ಒಂದೇ ಬಸ್ಸಿನಲ್ಲಿ ಕೂತಿರಬಹುದು. ಪಾಳಿಯಲ್ಲಿ ಸಾವಿರ ಜನ ಇದ್ದಾಗ ಬಿಳಿಚಿಕೊಂಡ ಮುಖವನ್ನು ಯಾರೂ ಗಮನಿಸುವುದಿಲ್ಲ. ಗ್ಯಾರಿಯ ಕಾರ್ಖಾನೆ ಇನ್ನೂ ನಡೆಯುತ್ತಿದೆ, ಆದರೆ ಕೈಗಳು ತೀರಾ ಕಮ್ಮಿಯಾಗಿವೆ. ನಲವತ್ತೇ ಜನ ಇರುವ ಗೇಟಿನಲ್ಲಿ ಒಬ್ಬ ಬರದಿದ್ದರೆ ಮಾರನೆಯ ದಿನವೇ 'ಎಲ್ಲಿ ಹೋದ' ಅಂತ ಕೇಳುತ್ತಾರೆ. ಜನ ಕಮ್ಮಿಯಾದಷ್ಟೂ ಬೇಟೆ ಕಷ್ಟ. ಪಾಳು ಮನೆಗಿಂತ ಇದು ಜಾಸ್ತಿ ಭಯ ಹುಟ್ಟಿಸುತ್ತದೆ.

ಹಗಲುಗಳ್ಳ:
ತಿಂಗಳು ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಮೈಸೂರಲ್ಲಿ ವರ್ಷವಿಡೀ ರಾತ್ರಿ ಹೆಚ್ಚುಕಮ್ಮಿ ಒಂದೇ ಸಮ. ಗ್ಯಾರಿಯಲ್ಲಿ ಡಿಸೆಂಬರ್ ರಾತ್ರಿ ಸುಮಾರು 15 ಗಂಟೆ, ಜೂನ್ ರಾತ್ರಿ 9 ಗಂಟೆಗೂ ಕಮ್ಮಿ. ಚಳಿಗಾಲದಲ್ಲಿ ಹೊತ್ತು ಬೇಕಾದಷ್ಟು, ಆದರೆ ಹಿಮದ ಮೇಲೆ ಹೆಜ್ಜೆ ಗುರುತು ಉಳಿಯುತ್ತದೆ.

ಮಹಡಿಮನೆ:
ಅಕ್ಕಾ, ಆ ಕಿಟಕಿ ನೆರಳನ್ನು ಹಾಗೇ ತೆಗೆದುಕೊಳ್ಳುತ್ತೇನೆ, ಬೇಜಾರಿಲ್ಲ ತಾನೇ? ಈ ಶನಿವಾರ ಜೂನ್ ತಿಂಗಳಿಂದ ಶುರು. ನಸುಕಿನ ಬಸ್ಸು, ಮೂರೇ ಜನ ಪ್ರಯಾಣಿಕರು, ಅವರಲ್ಲಿ ಒಬ್ಬ ನಮ್ಮವನ ಹೆಸರು ಕೇಳುತ್ತಾನೆ.