ಒಂದೇ ಮನೆಯಲ್ಲಿ ಬೆಳೆದ ಮಾವನ ಮಗನ ಜೊತೆ ಮದುವೆ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಎರಡು ವರ್ಷದವಳಿದ್ದಾಗ ಅಮ್ಮ ತೀರಿಕೊಂಡರು. ಅಲ್ಲಿಂದ ಸೋದರಮಾವನ ಮನೆಯಲ್ಲೇ ಬೆಳೆದೆ. ಅವರ ಮಗ ನನಗಿಂತ ಒಂದು ವರ್ಷ ದೊಡ್ಡವನು. ವರಸೆ ಸರಿಯಿದೆ, ಹುಡುಗ ಒಳ್ಳೆಯವನು, ಮಾಘದಲ್ಲಿ ಮದುವೆ ಮಾಡಿಬಿಡೋಣ ಅಂತಿದ್ದಾರೆ. ಅವನನ್ನು ಗಂಡ ಅಂತ ಯೋಚಿಸಿದರೇ ಮೈ ಮುದುಡುತ್ತೆ. ಇದು ಸಾಕಿದವರಿಗೆ ಮಾಡುವ ದ್ರೋಹವಾ? ಮದುವೆ ಆದಮೇಲೆ ಸರಿಹೋಗುತ್ತಾ?

ಉತ್ತರ: ನಾನು ಸೋದರತ್ತೆ ಮಗನನ್ನೇ ಮದುವೆಯಾದವಳು, ಚೆನ್ನಾಗಿದ್ದೀವಿ. ಆದರೆ ಅವರು ಬೆಳೆದಿದ್ದು ದಾವಣಗೆರೆಯಲ್ಲಿ, ನಾನು ಹಾಸನದಲ್ಲಿ. ಬೇಸಿಗೆ ರಜೆಗೆ, ಊರಹಬ್ಬಕ್ಕೆ ನೋಡಿದ್ದಷ್ಟೇ. ನಿಮ್ಮ ಮನೆಯವರು ನಮ್ಮಂಥವರನ್ನು ತೋರಿಸಿ ಒಪ್ಪಿಸಲು ನೋಡಬಹುದು. ನಿಮ್ಮ ವಿಷಯ ಬೇರೆ.

ಉತ್ತರ: ಸಮಾಜಶಾಸ್ತ್ರ ಪಾಠ ಮಾಡುವವನು ನಾನು. ತಂಗಿ, ನಿಮ್ಮಲ್ಲಿ ಯಾವ ದೋಷವೂ ಇಲ್ಲ. ಚಿಕ್ಕಂದಿನಲ್ಲಿ ಜೊತೆಗೆ ಬೆಳೆದವರಲ್ಲಿ ಆ ಬಗೆಯ ಸೆಳೆತ ಹುಟ್ಟುವುದು ಅಪರೂಪ ಎಂದು ಫಿನ್ಲೆಂಡಿನ ಸಮಾಜಶಾಸ್ತ್ರಜ್ಞ ಎಡ್ವರ್ಡ್ ವೆಸ್ಟರ್ಮಾರ್ಕ್ 1891ರಲ್ಲೇ ಬರೆದಿದ್ದರು. ರಕ್ತಸಂಬಂಧ ಇರಲೇಬೇಕೆಂದಿಲ್ಲ, ಎಳವೆಯ ಒಡನಾಟ ಸಾಕು.

ನಿಮಗೆ ತೀರಾ ಹತ್ತಿರವಾದದ್ದು ತೈವಾನಿನ ಉದಾಹರಣೆ. ಅಲ್ಲಿ ಹಿಂದೆ ಹೆಣ್ಣುಕೂಸನ್ನು ಎಳವೆಯಲ್ಲೇ ಗಂಡಿನ ಮನೆಗೆ ತಂದು, ಮಗನ ಜೊತೆಗೇ ಸಾಕಿ, ದೊಡ್ಡವರಾದ ಮೇಲೆ ಇಬ್ಬರಿಗೂ ಮದುವೆ ಮಾಡುತ್ತಿದ್ದರು. ಖರ್ಚು ಕಡಿಮೆ, ಸೊಸೆ ಅತ್ತೆಯ ಕೈಯಲ್ಲೇ ಪಳಗಿರುತ್ತಾಳೆ ಎಂಬ ಲೆಕ್ಕ. ಜಪಾನಿಯರ ಆಳ್ವಿಕೆಯಲ್ಲಿ ಇಟ್ಟಿದ್ದ ಮನೆಮನೆಯ ದಾಖಲೆಗಳನ್ನು ಆರ್ಥರ್ ವೂಲ್ಫ್ ಎಂಬ ಮಾನವಶಾಸ್ತ್ರಜ್ಞ ವರ್ಷಗಟ್ಟಲೆ ಜಾಲಾಡಿದರು. ಬೆಳೆದ ಮೇಲೆ ಬಂದ ಸೊಸೆಯರಿಗೆ ಹೋಲಿಸಿದರೆ ಈ ಜೋಡಿಗಳಲ್ಲಿ ಮಕ್ಕಳು ಕಡಿಮೆ, ವಿಚ್ಛೇದನ ಹೆಚ್ಚು. ಮೂರು ವರ್ಷ ತುಂಬುವ ಮುನ್ನ ಬಂದ ಹುಡುಗಿಯರಲ್ಲಂತೂ ಇದು ಎದ್ದು ಕಾಣುತ್ತಿತ್ತು. ಹೊಸ ಜೋಡಿ ಕೋಣೆಯಿಂದ ಓಡಿಹೋಗದಂತೆ ತಾನು ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಾಗಿ ಒಬ್ಬ ತಂದೆಯೇ ಅವರಿಗೆ ಹೇಳಿದ್ದ. ಆ ಮಕ್ಕಳ ಪಾಡು ನೆನೆದರೆ ನನಗೆ ಸಂಕಟವಾಗುತ್ತದೆ.

ಇಸ್ರೇಲಿನಲ್ಲಿ ಹಲವು ಕುಟುಂಬಗಳು ಒಟ್ಟಾಗಿ ದುಡಿದು ಬಾಳುವ ಊರುಗಳಾದ ಕಿಬ್ಬುಟ್ಸ್‌ಗಳಲ್ಲಿ ಮಕ್ಕಳನ್ನು ಗುಂಪಾಗಿ ಬೆಳೆಸುತ್ತಿದ್ದರು. ಹಾಗೆ ಒಟ್ಟಿಗೆ ಬೆಳೆದವರು ಮದುವೆಯಾಗಲು ಯಾವ ನಿಷೇಧವೂ ಇರಲಿಲ್ಲ. ಆದರೂ ಜೋಸೆಫ್ ಶೆಫರ್ ಎಂಬ ಸಂಶೋಧಕ ನೋಡಿದ ಸುಮಾರು 2,800 ಮದುವೆಗಳಲ್ಲಿ ಒಂದೇ ಗುಂಪಿನವರ ನಡುವೆ ನಡೆದದ್ದು ಹದಿನಾಲ್ಕರಷ್ಟು. ಗುಂಪಿನೊಳಗೆ ಕೆಲವರಿಗೆ ಒಲವು ಹುಟ್ಟಿದ್ದೂ ಉಂಟು ಎಂದು ಮುಂದೆ ಬೇರೆಯವರು ಬರೆದಿದ್ದಾರೆ. ಎಲ್ಲರಿಗೂ ಒಂದೇ ಅಳತೆ ಅಲ್ಲ. ಆದರೆ ನಿಮಗೆ ಆಗುತ್ತಿರುವುದು ಹೊಸದೇನಲ್ಲ. ಋಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅವರನ್ನು ಮನೆಯವರೆಂದೇ ಹಚ್ಚಿಕೊಂಡದ್ದಕ್ಕೆ ಹೀಗಾಗುತ್ತಿದೆ.

ಉತ್ತರ: ಅಣ್ಣ ಹೇಳಿದ್ದನ್ನು ನಾನು ಬದುಕಿ ನೋಡಿದ್ದೀನಿ. ಅಜ್ಜಿಮನೆಯಲ್ಲಿ ಒಂದೇ ಚಾಪೆ ಮೇಲೆ ಮಲಗಿ ಬೆಳೆದ ಮಾವನ ಮಗನಿಗೇ ನನ್ನನ್ನು ಕೊಟ್ಟರು. "ಆಮೇಲೆ ಎಲ್ಲಾ ಸರಿಹೋಗುತ್ತೆ" ಅಂತ ಹಿರಿಯರೆಲ್ಲಾ ಹೇಳಿದರು. ಸರಿಹೋಗಲಿಲ್ಲ ಕಣಮ್ಮ. ಜಗಳ ಇಲ್ಲ, ಕೆಟ್ಟ ಮಾತಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಅಯ್ಯೋ ಅಂದುಕೊಳ್ಳುತ್ತಿದ್ದೆವು. ಕೊನೆಗೆ ಒಪ್ಪಂದದ ಮೇಲೆ ಬೇರೆಯಾದೆವು. ಎರಡೂ ಮನೆಯವರು ಮಾತಾಡಲು ಎಷ್ಟೋ ಕಾಲ ಬೇಕಾಯಿತು.

ನೀನು ಮಾವನ ಹತ್ತಿರ ಹೋಗೋ ಮುಂಚೆ ಆ ಹುಡುಗನ್ನೇ ಒಂದು ಮಾತು ಕೇಳು. ಅವನಿಗೂ ಇದೇ ಸಂಕಟ ಇದ್ದು, ನೀನು ನೊಂದುಕೊಳ್ಳುತ್ತೀಯ ಅಂತ ಸುಮ್ಮನಿರಬಹುದು. ಇಬ್ಬರೂ ಒಂದೇ ಮಾತು ಹೇಳಿದರೆ ನಿನ್ನೊಬ್ಬಳ ಮೇಲೆ ಅಪವಾದ ಬರಲ್ಲ. ಆಮೇಲೆ ಅತ್ತೆಗೆ ಹೇಳು; ಹಾಲು ಕುಡಿಸಿ ಬೆಳೆಸಿದವರಿಗೆ ಬೇಗ ಅರ್ಥವಾಗುತ್ತೆ. "ಅವನು ಬೇಡ" ಅನ್ನಬೇಡ, "ಅವನು ನನಗೆ ಅಣ್ಣನಾಗಿಬಿಟ್ಟಿದ್ದಾನೆ" ಅನ್ನು. ಛತ್ರಕ್ಕೆ ಮುಂಗಡ ಕೊಡುವ ಮೊದಲೇ ಹೇಳು, ಈ ವಾರವೇ.