ಹೃದಯದ ತುಂಬಾ ರಕ್ತ ಇರುವಾಗ ಅದಕ್ಕೇ ಬೇರೆ ರಕ್ತನಾಳ ಯಾಕೆ? ಅಪ್ಪಾಜಿಯ ಆಂಜಿಯೋಗ್ರಾಂ ರಿಪೋರ್ಟ್ ಅರ್ಥ ಮಾಡಿಸಿ

ದಾವಣಗೆರೆ ಹುಡುಗ:

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಅಪ್ಪಾಜಿಗೆ ಆಂಜಿಯೋಗ್ರಾಂ, ಅಂದರೆ ಹೃದಯದ ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ ಆಯಿತು. ವಯಸ್ಸು 61. ಕೂತಿದ್ದಾಗ ಏನೂ ತೊಂದರೆ ಇಲ್ಲ. ಮೆಟ್ಟಿಲು ಹತ್ತಿದರೆ ಎದೆ ಬಿಗಿದ ಹಾಗಾಗುತ್ತದೆ, ನಿಂತರೆ ಹೋಗುತ್ತದೆ ಅನ್ನುತ್ತಿದ್ದರು. ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಜಾಲರಿ) ಬೇಕಾ ಬೇಡವಾ ಅಂತ ಮುಂದಿನ ಭೇಟಿಯಲ್ಲಿ ಮಾತಾಡೋಣ ಎಂದಿದ್ದಾರೆ. ಅಷ್ಟರೊಳಗೆ ನಾನು ವಿಷಯ ತಿಳಿದುಕೊಂಡು ಹೋಗಬೇಕು. ನಾನು ಓದಿದ್ದು ಕಾಮರ್ಸ್.

ರಿಪೋರ್ಟಿನಲ್ಲಿ ಹೃದಯದ ನಾಳಗಳ ಬಗ್ಗೆ ಹೀಗಿದೆ: ಎಲ್‌ಎಂಸಿಎ ನಾರ್ಮಲ್. ಎಲ್‌ಎಡಿ ನಡುಭಾಗದಲ್ಲಿ 70% ಅಡ್ಡಿ. ಎಲ್‌ಸಿಎಕ್ಸ್‌ನಲ್ಲಿ ಸಣ್ಣಪುಟ್ಟ ಪ್ಲಾಕ್ (ನಾಳದ ಗೋಡೆಯಲ್ಲಿ ಕೂತ ಕೊಬ್ಬು). ಆರ್‌ಸಿಎ ಡಾಮಿನೆಂಟ್, ನಾರ್ಮಲ್.

ನನಗೆ ಅರ್ಥವಾಗದ್ದು ಇಷ್ಟು. ಹೃದಯದೊಳಗೆ ಸದಾ ರಕ್ತ ತುಂಬಿರುತ್ತದೆ, ಅಲ್ವಾ? ಹಾಗಿದ್ದ ಮೇಲೆ ಅದಕ್ಕೆ ರಕ್ತದ ಕೊರತೆ ಹೇಗೆ ಆಗುತ್ತದೆ? ಡಾಮಿನೆಂಟ್ ಅಂದರೆ ಅದೂ ಒಂದು ಕಾಯಿಲೆಯಾ? ಅಮ್ಮ ಆ ಪದ ಕೇಳಿದಾಗಿನಿಂದ ಗಾಬರಿಯಲ್ಲಿದ್ದಾರೆ. ಇನ್ನೊಂದು ವಿಷಯ, ಒಳಗೆ ಮಲಗಿಸಿದ್ದಾಗ ನಡುನಡುವೆ "ಜೋರಾಗಿ ಕೆಮ್ಮಿ" ಅಂತ ಹೇಳಿದರಂತೆ. ಅದು ಯಾಕೆ?

ಕ್ಯಾಥ್‌ಲ್ಯಾಬ್ ಅಕ್ಕ:

ನಮಸ್ಕಾರ. ನಾನು ಮೈಸೂರಿನಲ್ಲಿ ಕ್ಯಾಥ್ ಲ್ಯಾಬ್, ಅಂದರೆ ಆಂಜಿಯೋಗ್ರಾಂ ಮಾಡುವ ಕೋಣೆಯ ಟೆಕ್ನಾಲಜಿಸ್ಟ್. ದಿನಾ ಇದೇ ಚಿತ್ರಗಳನ್ನು ನೋಡುವವಳು. ಚಿಕಿತ್ಸೆ ಏನು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ರಚನೆ ಹೇಗಿದೆ ಅಂತ ನಾನು ಹೇಳಬಲ್ಲೆ.

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಡಾಮಿನೆಂಟ್ ಅನ್ನುವುದು ಕಾಯಿಲೆ ಅಲ್ಲ. ಹೃದಯದ ಹಿಂಭಾಗ ಮತ್ತು ಕೆಳಭಾಗಕ್ಕೆ ಹೋಗುವ ಒಂದು ಕವಲು ಇದೆ. ನೂರರಲ್ಲಿ 80ಕ್ಕೂ ಹೆಚ್ಚು ಜನರಲ್ಲಿ ಅದು ಬಲಗಡೆಯ ನಾಳದಿಂದ, ಅಂದರೆ ಆರ್‌ಸಿಎಯಿಂದ ಹೊರಡುತ್ತದೆ. ಕೆಲವರಲ್ಲಿ ಎಡಗಡೆಯಿಂದ. ಯಾವ ಕಡೆಯಿಂದ ಬಂದಿದೆ ಅಂತ ಬರೆದಿದ್ದಾರೆ, ಅಷ್ಟೇ. ಅಪ್ಪಾಜಿಯದು ಎಲ್ಲರಲ್ಲೂ ಹೆಚ್ಚಾಗಿ ಕಾಣುವ ವಿನ್ಯಾಸ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಊರಿನ ಕಡೆ ಭದ್ರಾ ನಾಲೆ ನೋಡಿರುತ್ತೀರಿ. ನಾಲೆ ತುಂಬಿ ಹರಿಯುತ್ತಿದ್ದರೂ, ಪಕ್ಕದ ಗದ್ದೆಗೆ ನೀರು ಬರಬೇಕಾದರೆ ತೂಬಿನಿಂದ ಹೊಲಗಾಲುವೆಗೇ ಇಳಿದು ಬರಬೇಕು. ಹೃದಯದ್ದೂ ಹಾಗೇ. ಒಳಗಿನ ರಕ್ತ ಊರಿಗೆಲ್ಲ ಹೋಗುವ ರಕ್ತ. ಎಡಗಡೆಯ ಕೆಳಕೋಣೆಯ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಒಳಗಿನ ರಕ್ತದಿಂದ ಆಕ್ಸಿಜನ್ ಜಿನುಗಿ ಹೋಗುವುದು ಒಂದು ಮಿಲಿಮೀಟರಿಗಿಂತ ಎಷ್ಟೋ ಕಡಿಮೆ ದೂರ. ಉಳಿದ ಅಷ್ಟೂ ಮಾಂಸಕ್ಕೆ ಹೊರಗಿನಿಂದಲೇ ರಕ್ತ ಬರಬೇಕು.

ಅದು ಬರುವ ದಾರಿ ನೋಡಿ. ಎಡ ಕೆಳಕೋಣೆಯಿಂದ ದೊಡ್ಡ ರಕ್ತನಾಳ ಹೊರಡುತ್ತದೆ, ಅದು ಮಹಾಧಮನಿ. ಅದರ ಬುಡದಲ್ಲೇ, ಕವಾಟದ ಮೇಲೆ, ಮೂರು ಉಬ್ಬುಗಳಿವೆ. ಅವುಗಳಲ್ಲಿ ಎರಡರಿಂದ ಹೃದಯದ ಸ್ವಂತ ನಾಳಗಳು ಹುಟ್ಟುತ್ತವೆ. ಅಂದರೆ ದೇಹಕ್ಕೆ ಹೊರಟ ರಕ್ತದಲ್ಲಿ ಮೊದಲ ಪಾಲು ಹೃದಯಕ್ಕೇ. ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೊರಗೆ ಹೋದರೆ, ಅದರಲ್ಲಿ ಸುಮಾರು 250 ಮಿಲಿಲೀಟರ್ ಹೃದಯದ ಮಾಂಸಕ್ಕೆ. ಬಲ ಉಬ್ಬಿನಿಂದ ಆರ್‌ಸಿಎ. ಎಡ ಉಬ್ಬಿನಿಂದ ಎಲ್‌ಎಂಸಿಎ ಅನ್ನುವ ಗಿಡ್ಡ ಬುಡ. ಅದು ಬೇಗನೇ ಎರಡಾಗುತ್ತದೆ. ಒಂದು ಎಲ್‌ಸಿಎಕ್ಸ್, ಎಡಗಡೆಯಿಂದ ಸುತ್ತಿ ಹಿಂದಕ್ಕೆ ಹೋಗುತ್ತದೆ. ಇನ್ನೊಂದು ಎಲ್‌ಎಡಿ, ಮುಂಭಾಗದಲ್ಲಿ ಕೆಳತುದಿಯವರೆಗೆ ಇಳಿಯುತ್ತದೆ. ಎಡಕೋಣೆಯ ಮುಂಗೋಡೆಗೂ, ಎರಡು ಕೆಳಕೋಣೆಗಳ ನಡುವಿನ ಗೋಡೆಯ ಬಹುಪಾಲಿಗೂ ಎಲ್‌ಎಡಿಯೇ ಆಧಾರ. ಅದಕ್ಕೇ ಅದರಲ್ಲಿ ಅಡ್ಡಿ ಕಂಡರೆ ಡಾಕ್ಟರು ಅಷ್ಟು ಗಮನ ಕೊಡುವುದು. ಅಪ್ಪಾಜಿಯ ಎಲ್‌ಎಂಸಿಎ ಸ್ವಚ್ಛ ಇದೆ ಅನ್ನುವುದು ಈ ರಿಪೋರ್ಟಿನಲ್ಲಿ ನಿಜವಾದ ಒಳ್ಳೆಯ ಸುದ್ದಿ. ಆ ನಾಳದಲ್ಲಾದರೆ 50% ಅಡ್ಡಿ ಇದ್ದರೂ ಗಂಭೀರ ಅಂತಲೇ ಎಣಿಸುತ್ತಾರೆ.

ಮೆಟ್ಟಿಲು ಹತ್ತಿದಾಗ ಮಾತ್ರ ಯಾಕೆ ನೋವು? ನನಗೆ ತುಂಬಾ ಇಷ್ಟವಾದ ಭಾಗ ಇದು. ಎಡಕೋಣೆ ಹಿಂಡಿದಾಗ ಅದರ ಮಾಂಸದೊಳಗೆ ಹೋಗುವ ಸಣ್ಣ ನಾಳಗಳೂ ಒತ್ತಿಕೊಳ್ಳುತ್ತವೆ. ಆಗ ಅದಕ್ಕೆ ರಕ್ತ ಸರಿಯಾಗಿ ಸಿಗುವುದಿಲ್ಲ. ಹೆಚ್ಚಿನ ರಕ್ತ ಬರುವುದು ಸಡಿಲಗೊಂಡಾಗ. ನಿಮಿಷಕ್ಕೆ 72 ಬಡಿತ ಅಂದುಕೊಳ್ಳಿ. ಒಂದು ಬಡಿತಕ್ಕೆ 0.8 ಸೆಕೆಂಡ್. ಅದರಲ್ಲಿ ಹಿಂಡುವುದು ಸುಮಾರು 0.3, ಸಡಿಲ ಇರುವುದು ಸುಮಾರು 0.5. ಬಡಿತ ಜಾಸ್ತಿಯಾದರೆ ಕಡಿಮೆಯಾಗುವುದು ಮುಖ್ಯವಾಗಿ ಆ ಸಡಿಲ ಹೊತ್ತೇ. ಕೆಲಸ ಜಾಸ್ತಿ, ರಕ್ತ ಸಿಗುವ ಸಮಯ ಕಡಿಮೆ! ಸಾಲದ್ದಕ್ಕೆ, ಹೃದಯ ತನಗೆ ಬಂದ ರಕ್ತದಿಂದ ಸುಮಾರು 70% ಆಕ್ಸಿಜನ್ನನ್ನು ಕೂತಿದ್ದಾಗಲೇ ಹೀರಿಬಿಟ್ಟಿರುತ್ತದೆ. ಇನ್ನೂ ಬೇಕಾದರೆ ರಕ್ತದ ಹರಿವೇ ಹೆಚ್ಚಬೇಕು, ಬೇರೆ ದಾರಿ ಇಲ್ಲ. ಅಲ್ಲಿ ಅಡ್ಡಿ ಇದ್ದರೆ ಎದೆ ಬಿಗಿಯುತ್ತದೆ. ಬಡಿತ ನಿಧಾನ ಮಾಡುವ ಮಾತ್ರೆ ಕೊಡುವುದಕ್ಕೆ ಒಂದು ಕಾರಣ ಇದೇ.

70% ಅನ್ನುವುದು ಅಗಲದ ಲೆಕ್ಕ. ಅಗಲದಲ್ಲಿ 30% ಉಳಿದರೆ, ರಕ್ತ ಹಾಯುವ ಜಾಗದಲ್ಲಿ ಉಳಿಯುವುದು ಸುಮಾರು 9% ಮಾತ್ರ. ಕಾಮರ್ಸ್ ಓದಿದ್ದೀರಿ, 0.3 ಗುಣಿಸು 0.3 ಮಾಡಿ ನೋಡಿ. ಆದರೂ ವಿಶ್ರಾಂತಿಯಲ್ಲಿ ಸಾಕಾಗುತ್ತದೆ, ಯಾಕೆಂದರೆ ಮುಂದಿನ ಸಣ್ಣ ನಾಳಗಳು ಹಿಗ್ಗಿಕೊಂಡು ಸರಿದೂಗಿಸುತ್ತವೆ.

ಕೆಮ್ಮಿನ ಹಿಂದೆ ಒಂದು ಕಥೆಯೇ ಇದೆ. 1958ರವರೆಗೆ ಈ ನಾಳಗಳೊಳಗೆ ನೇರವಾಗಿ ಡೈ (ಎಕ್ಸ್-ರೇಯಲ್ಲಿ ನಾಳ ಕಾಣುವಂತೆ ಮಾಡುವ ದ್ರವ) ಬಿಟ್ಟರೆ ರೋಗಿ ಉಳಿಯುವುದಿಲ್ಲ ಅಂತ ಡಾಕ್ಟರುಗಳು ಹೆದರುತ್ತಿದ್ದರು. ಆ ವರ್ಷ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಅವರು ಒಬ್ಬ ರೋಗಿಯ ಮಹಾಧಮನಿಯ ಚಿತ್ರ ತೆಗೆಯುತ್ತಿದ್ದರು. ಕ್ಯಾಥೆಟರ್ (ಡೈ ಬಿಡುವ ಸಣ್ಣ ಟ್ಯೂಬ್) ತುದಿ ಬಲಗಡೆಯ ನಾಳಕ್ಕೆ ಜಾರಿತ್ತು, ಡೈ ಪೂರ್ತಿ ಅಲ್ಲಿಗೇ ಹೋಯಿತು. ಹೃದಯ ನಿಂತಿತು. ಸೋನ್ಸ್ "ಕೆಮ್ಮು, ಕೆಮ್ಮು" ಎಂದರು. ಕೆಮ್ಮಿದಾಗ ಎದೆಯೊಳಗೆ ಒತ್ತಡ ಏರಿ ಡೈ ಮುಂದಕ್ಕೆ ಸರಿಯಿತು, ಬಡಿತ ಮರಳಿತು. ಆ ರೋಗಿ ಬದುಕಿದರು. ಇವತ್ತು ನಾವು ತೆಗೆಯುವ ಪ್ರತಿ ಆಂಜಿಯೋಗ್ರಾಂಗೂ ಮೂಲ ಆ ಘಟನೆಯೇ. ಈಗಿನ ಡೈ ತುಂಬಾ ಸೌಮ್ಯ. ಆದರೂ ಬಡಿತ ಸ್ವಲ್ಪ ನಿಧಾನ ಆದ ತಕ್ಷಣ "ಕೆಮ್ಮಿ" ಅನ್ನುತ್ತೇವೆ.

ಅನಾಟಮಿ ಮೇಷ್ಟ್ರು:

ಮೇಡಂ ಚೆನ್ನಾಗಿ ಹೇಳಿದ್ದಾರೆ. ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಅನಾಟಮಿ ಪಾಠ ಮಾಡುತ್ತೇನೆ. ಒಂದು ವಿಷಯ ಸೇರಿಸುತ್ತೇನೆ.

ಪುಸ್ತಕದಲ್ಲಿ ಈ ನಾಳಗಳು ಕೆಂಪು ಗೆರೆಗಳ ಹಾಗೆ ಎದ್ದು ಕಾಣುತ್ತವೆ. ನಿಜವಾದ ಹೃದಯ ಕೈಗೆ ಕೊಟ್ಟರೆ ಮಕ್ಕಳಿಗೆ ಒಂದೂ ಕಾಣುವುದಿಲ್ಲ. ಹೊರಮೈಯಲ್ಲಿ ಹಳದಿ ಕೊಬ್ಬು ತುಂಬಿದ ಓಣಿಗಳಿರುತ್ತವೆ. ಆ ಕೊಬ್ಬನ್ನು ನಿಧಾನವಾಗಿ ಬಿಡಿಸಿದರೆ ಕೆಳಗೆ ನಾಳ ಸಿಗುತ್ತದೆ. ಕೆಲವರಲ್ಲಿ ಎಲ್‌ಎಡಿ ಸ್ವಲ್ಪ ದೂರ ಮಾಂಸದೊಳಗೇ ಮುಳುಗಿ ಮತ್ತೆ ಮೇಲೆ ಬರುತ್ತದೆ. ಅದೂ ಹುಟ್ಟಿನಿಂದ ಬಂದ ರಚನೆ, ರಿಪೋರ್ಟಿನಲ್ಲಿ ಮಯೋಕಾರ್ಡಿಯಲ್ ಬ್ರಿಡ್ಜ್ ಅಂತ ಕಂಡರೆ ಇದೇ.

ಬಳಸಿದ ರಕ್ತ ವಾಪಸ್ ಬರುವ ದಾರಿಯನ್ನು ಯಾರೂ ಕೇಳುವುದಿಲ್ಲ. ಹೆಚ್ಚಿನದು ಹಿಂಭಾಗದ ಕೊರೊನರಿ ಸೈನಸ್ ಅನ್ನುವ ಅಗಲ ಅಭಿಧಮನಿಗೆ ಸೇರಿ, ನೇರವಾಗಿ ಬಲ ಮೇಲ್ಕೋಣೆಗೆ ಬೀಳುತ್ತದೆ.

ದಾವಣಗೆರೆ ಹುಡುಗ:

ಅಕ್ಕಾ, ಮೇಷ್ಟ್ರೇ, ತುಂಬಾ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ, ಸಮಾಧಾನ ಆಯಿತು. ಇನ್ನೆರಡು ಪ್ರಶ್ನೆ. ಅಪ್ಪಾಜಿಗೆ ಬಲಗೈ ಮಣಿಕಟ್ಟಿನಿಂದ ಮಾಡಿದ್ದು. ಮುಂದೆ ಆ ಕೈಗೆ ರಕ್ತ ಕಡಿಮೆ ಆಗುವುದಿಲ್ಲವಾ? ಒಳಗೆ ಟ್ಯೂಬ್ ಹೋಗಿದ್ದು ಗೊತ್ತೇ ಆಗಲಿಲ್ಲ ಅನ್ನುತ್ತಾರೆ, ಅದು ಹೇಗೆ? ಮತ್ತೆ ಡಾಕ್ಟರ ಹತ್ತಿರ ಏನು ಕೇಳಬೇಕು?

ಕ್ಯಾಥ್‌ಲ್ಯಾಬ್ ಅಕ್ಕ:

ಅಂಗೈಗೆ ಎರಡು ನಾಳಗಳಿಂದ ರಕ್ತ ಬರುತ್ತದೆ. ಹೆಬ್ಬೆರಳ ಕಡೆ ರೇಡಿಯಲ್, ಕಿರುಬೆರಳ ಕಡೆ ಅಲ್ನಾರ್. ಅಂಗೈಯೊಳಗೆ ಎರಡೂ ಒಂದಕ್ಕೊಂದು ಕೂಡಿಕೊಂಡಿವೆ. ಹಾಗಾಗಿ ರೇಡಿಯಲ್ ಒಂದು ವೇಳೆ ಮುಚ್ಚಿಕೊಂಡರೂ ಸಾಮಾನ್ಯವಾಗಿ ಕೈಗೆ ರಕ್ತ ಸಿಗುತ್ತದೆ. ಈ ಅನುಕೂಲ ನೋಡಿಯೇ ಕೆನಡಾದ ಲೂಸಿಯೆನ್ ಕ್ಯಾಂಪೋ 1989ರಲ್ಲಿ ಮಣಿಕಟ್ಟಿನ ದಾರಿಯ ಬಗ್ಗೆ ಬರೆದರು. ತೊಡೆಯಿಂದ ಮಾಡಿದರೆ ಕಾಲು ಅಲ್ಲಾಡಿಸದೆ ಗಂಟೆಗಟ್ಟಲೆ ಮಲಗಬೇಕು. ವಯಸ್ಸಾದವರಿಗೆ ಅದು ನಿಜಕ್ಕೂ ಹಿಂಸೆ.

ಟ್ಯೂಬಿನ ಅಗಲ ಸುಮಾರು 2 ಮಿಲಿಮೀಟರ್. ಮಣಿಕಟ್ಟಿನಿಂದ ಮೊಣಕೈ, ಕಂಕುಳು, ಕೊರಳೆಲುಬಿನ ಕೆಳಗೆ ಹಾದು ಮಹಾಧಮನಿಗೆ ಇಳಿಯುತ್ತದೆ. ಹೃದಯದ ಕೋಣೆಗಳೊಳಗೆ ಹೋಗಬೇಕಾಗಿಯೇ ಇಲ್ಲ. ತುದಿ ಬಾಗಿರುತ್ತದೆ, ತಿರುಗಿಸಿ ನಾಳದ ಬಾಯಿಗೆ ಕೂರಿಸುತ್ತಾರೆ. ರಕ್ತನಾಳದ ಒಳಪದರದಲ್ಲಿ ನೋವು ತಿಳಿಯುವ ನರಗಳಿಲ್ಲ, ಅದಕ್ಕೇ ಅಪ್ಪಾಜಿಗೆ ಗೊತ್ತಾಗಲಿಲ್ಲ. ಕೆಲವರಿಗೆ ಮಾತ್ರ ಕೈಯ ನಾಳ ಬಿಗಿದುಕೊಂಡು ನೋಯುತ್ತದೆ. ಅದಕ್ಕೆ ಔಷಧ ಕೊಡುತ್ತೇವೆ. ಕೈ ಬೆರಳು ತಣ್ಣಗಾದರೆ, ಬಣ್ಣ ತಿರುಗಿದರೆ, ಮಣಿಕಟ್ಟು ಊದಿದರೆ ಕಾಯಬೇಡಿ, ತಕ್ಷಣ ತೋರಿಸಿ.

ಡಾಕ್ಟರ ಹತ್ತಿರ ಹೀಗೆ ಕೇಳಿ: "ಈ 70% ನಿಜವಾಗಿ ಹರಿವಿಗೆ ಅಡ್ಡಿ ಮಾಡುತ್ತಿದೆಯಾ? ಎಫ್‌ಎಫ್‌ಆರ್ ಮಾಡಬೇಕಾ?" ಆ ಸಂಖ್ಯೆಯನ್ನು ಹೆಚ್ಚಾಗಿ ಚಿತ್ರ ನೋಡಿ ಕಣ್ಣಂದಾಜಿನಲ್ಲಿ ಬರೆಯುತ್ತಾರೆ. ಎಫ್‌ಎಫ್‌ಆರ್‌ನಲ್ಲಿ ಸೆನ್ಸರ್ ಇರುವ ತಂತಿಯನ್ನು ಅಡ್ಡಿಯ ಆಚೆಗೆ ದಾಟಿಸಿ, ಆಚೆಯ ಒತ್ತಡ ಈಚೆಯದರ ಎಷ್ಟು ಪಾಲು ಅಂತ ಅಳೆಯುತ್ತಾರೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಡ್ಡಿ ಹರಿವನ್ನು ತಡೆಯುತ್ತಿದೆ ಅಂತ ಅರ್ಥ. ಮಾತ್ರೆಯಲ್ಲಿ ನೋವು ಎಷ್ಟು ಹಿಡಿತಕ್ಕೆ ಬಂದಿದೆ ಅನ್ನುವುದನ್ನೂ ಹೇಳಿ. ತೀರ್ಮಾನಕ್ಕೆ ಅದೂ ಬೇಕು. ಸಿಡಿ ಕೊಟ್ಟಿದ್ದರೆ ಜೊತೆಗೆ ತೆಗೆದುಕೊಂಡು ಹೋಗಿ.

ಒಂದು ಮಾತ್ರ ಖಂಡಿತ ನೆನಪಿಡಿ. ಸುಮ್ಮನೆ ಕೂತಿದ್ದಾಗಲೂ ಎದೆ ಬಿಗಿದರೆ, ಬೆವರು ಬಂದರೆ, ವಿಶ್ರಾಂತಿ ತೆಗೆದುಕೊಂಡರೂ ನೋವು ಹೋಗದಿದ್ದರೆ ಗ್ಯಾಸ್ ಇರಬಹುದು ಅಂತ ಕಾಯಬೇಡಿ. ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ. 108ಕ್ಕೆ ಫೋನ್ ಮಾಡಿ.